ಕೊಳಗ ಮತ್ತು ಮತಪೆಟ್ಟಿಗೆ

ಒಂದು ವಿಧಾನಸಭಾ ಕ್ಷೇತ್ರದ ಚರಿತ್ರೆ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಒಂದು ಕೋಷ್ಟಕ. ಒಂದು ಅಂಕಣದಲ್ಲಿ ಇಸವಿ, ಇನ್ನೊಂದರಲ್ಲಿ ಗೆದ್ದವರ ಹೆಸರು, ಮತ್ತೊಂದರಲ್ಲಿ ಪಕ್ಷ, ಕೊನೆಯದರಲ್ಲಿ ಮತಗಳ ಅಂತರ. ಅರಸರ ವಂಶಾವಳಿಯನ್ನು ಬಾಯಿಪಾಠ ಮಾಡಿ ಇತಿಹಾಸವನ್ನು ಕಲಿತೆವೆಂದು ತಿಳಿಯುವ ಹಳೆಯ ಅಭ್ಯಾಸವೇ ಇಲ್ಲಿಯೂ ಮುಂದುವರಿದಿದೆ. ಮತ ಹಾಕಿದವರು ಯಾರು, ಸುಗ್ಗಿಯ ನಂತರ ಅವರ ಮನೆಯಲ್ಲಿ ಎಷ್ಟು ಭತ್ತ ಉಳಿಯುತ್ತಿತ್ತು, ಅವರು ಯಾರ ಅಂಗಳದಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗಿತ್ತು ಎಂಬ ಸಂಗತಿಗಳು ಕೋಷ್ಟಕದಲ್ಲಿ ದೊರೆಯುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ಕ್ಷೇತ್ರದ ಏಳು ದಶಕಗಳ ಚುನಾವಣಾ ಚರಿತ್ರೆಯನ್ನು ಈ ಹೊತ್ತು ತಮ್ಮ ಮುಂದಿಡುವಾಗ, ಆ ಕೋಷ್ಟಕವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಭತ್ತ ಅಳೆಯುವ ಕೊಳಗದಿಂದ ಆರಂಭಿಸಬಯಸುತ್ತೇನೆ.

ಸಾಗರ ಸೀಮೆಗೆ ಅಳತೆಯ ಪ್ರಶ್ನೆ ಹೊಸದೇನೂ ಅಲ್ಲ. ಕೆಳದಿ ಮತ್ತು ಇಕ್ಕೇರಿಗಳು ಈ ತಾಲ್ಲೂಕಿನಲ್ಲೇ ಇವೆ. ಕೆಳದಿಯ ಅರಸರ ಕೊನೆಯ ರಾಜಧಾನಿಯಾದ ಬಿದನೂರು ಇಂದಿನ ನಗರ. ಅದು ನೆರೆಯ ಹೊಸನಗರ ತಾಲ್ಲೂಕಿಗೆ ಸೇರಿದೆ. ಹದಿನೇಳನೆಯ ಶತಮಾನದ ನಡುವಿನಲ್ಲಿ ಆಳಿದ ಶಿವಪ್ಪನಾಯಕ ಹೊಲಗದ್ದೆಗಳ ಇಳುವರಿಯನ್ನು ಪರೀಕ್ಷಿಸಿ, ಅದಕ್ಕೆ ತಕ್ಕಂತೆ ಕಂದಾಯವನ್ನು ಗೊತ್ತುಮಾಡಿದ. ಅದೇ ಇಂದಿಗೂ ಜನ ನೆನೆಯುವ ಶಿವಪ್ಪನಾಯಕನ ಶಿಸ್ತು. ಅಳತೆ ನ್ಯಾಯವಾಗಿದ್ದರೆ ಆಳ್ವಿಕೆಯೂ ನ್ಯಾಯವಾಗಿರುತ್ತದೆ ಎಂಬ ನಂಬಿಕೆ ಈ ನೆಲದಲ್ಲಿ ಹಳೆಯದು. ಕೆಳದಿಯ ರಾಜ್ಯ 1763ರಲ್ಲಿ ಹೈದರಾಲಿಯ ವಶವಾಯಿತು. ಅರಸೊತ್ತಿಗೆ ಹೋಯಿತು, ಕಾಲ ಬದಲಾಯಿತು. ಆದರೆ ಉಳುವವನಿಗೂ ಅರಸನಿಗೂ ನಡುವೆ ನಿಂತ ಭೂಒಡೆಯರ ಬಲ ಕುಗ್ಗಲಿಲ್ಲ.

ಮಲೆನಾಡಿನ ಗೇಣಿಯ ಪದ್ಧತಿ ಹೀಗಿತ್ತು: ಗದ್ದೆ ಒಡೆಯನದು, ದುಡಿಮೆ ಗೇಣಿದಾರನದು. ಸುಗ್ಗಿ ಮುಗಿದ ಮೇಲೆ ಗೇಣಿದಾರ ಗೊತ್ತಾದಷ್ಟು ಭತ್ತವನ್ನು ಒಡೆಯನಿಗೆ ಅಳೆದುಕೊಡಬೇಕು. ಆ ಅಳತೆಯ ಪಾತ್ರೆಯೇ ಕೊಳಗ. ಸಾಗರಕ್ಕೆ ಹತ್ತಿರದ ಕಾಗೋಡು ಗ್ರಾಮದ ಗೇಣಿದಾರರು ಹೆಚ್ಚಾಗಿ ದೀವರ ಸಮುದಾಯದವರು. ವಾಡಿಕೆಯ ಕೊಳಗಕ್ಕಿಂತ ದೊಡ್ಡದಾದ ಕೊಳಗದಲ್ಲಿ ತಮ್ಮಿಂದ ಗೇಣಿ ಅಳೆಸಿಕೊಳ್ಳಲಾಗುತ್ತಿದೆ ಎಂಬುದು ಅವರ ದೂರು. ಕಾಗದದ ಮೇಲೆ ಗೇಣಿ ಏರಲಿಲ್ಲ. ಕೊಳಗದ ಹೊಟ್ಟೆ ಮಾತ್ರ ಹಿಗ್ಗಿತು. ಲೆಕ್ಕ ಬಲ್ಲವನಿಗೆ ಲೆಕ್ಕದಲ್ಲಿ ತಪ್ಪು ಕಾಣದು, ಹಸಿದವನಿಗೆ ಮಾತ್ರ ತಿಳಿದೀತು.

ಇಂಥ ಗೇಣಿದಾರನಿಗೆ ಆ ಮುಂಚೆ ರಾಜಕೀಯದಲ್ಲಿ ಸ್ಥಾನವೆಲ್ಲಿತ್ತು? ಮೈಸೂರು ಸಂಸ್ಥಾನದಲ್ಲಿ 1881ರಷ್ಟು ಹಿಂದೆಯೇ ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾದದ್ದು ನಮಗೆ ಹೆಮ್ಮೆಯ ವಿಷಯವೇ ಸರಿ. ಆದರೆ ಆ ಸಭೆಗೆ ಪ್ರತಿನಿಧಿಗಳನ್ನು ಆರಿಸುವ ಹಕ್ಕು ಮುಖ್ಯವಾಗಿ ಆಸ್ತಿಯನ್ನೂ ವಿದ್ಯೆಯನ್ನೂ ಆಧರಿಸಿತ್ತು. ಸರ್ಕಾರಕ್ಕೆ ಕಂದಾಯ ಕಟ್ಟುವವನ ಹೆಸರು ಸರ್ಕಾರದ ಪುಸ್ತಕದಲ್ಲಿರುತ್ತಿತ್ತು. ಒಡೆಯನಿಗೆ ಗೇಣಿ ಅಳೆಯುವವನ ಹೆಸರು ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಆ ಕಂದಾಯ ಹುಟ್ಟುತ್ತಿದ್ದುದು ಅವನ ಬೆವರಿನಿಂದಲೇ ಆದರೂ, ಮತದ ಲೆಕ್ಕಕ್ಕೆ ಅವನಿರಲಿಲ್ಲ. ಸ್ವತಂತ್ರ ಭಾರತದ ಸಂವಿಧಾನ ಒಂದೇ ಏಟಿಗೆ ಈ ಗೋಡೆಯನ್ನು ಕೆಡವಿತು. ಇಪ್ಪತ್ತೊಂದು ವರ್ಷ ತುಂಬಿದ ಎಲ್ಲರಿಗೂ, ಗಂಡಿಗೂ ಹೆಣ್ಣಿಗೂ, ಒಡೆಯನಿಗೂ ಒಕ್ಕಲಿಗೂ, ತಲೆಗೊಂದೇ ಮತ. ಹಿಗ್ಗಲೂ ಕುಗ್ಗಲೂ ಬಾರದ ಒಂದು ಅಳತೆ ಮೊಟ್ಟಮೊದಲಿಗೆ ಮಲೆನಾಡಿನ ಹಳ್ಳಿಗೆ ಬಂದದ್ದು ಹೀಗೆ.

ಮೊದಲ ಮಹಾಚುನಾವಣೆ 1951ರ ಕೊನೆಯಲ್ಲಿ ಆರಂಭವಾಯಿತಷ್ಟೆ. ಅದಕ್ಕೆ ಕೆಲವೇ ತಿಂಗಳ ಹಿಂದೆ, ಆ ವರ್ಷದ ಏಪ್ರಿಲ್‌ನಲ್ಲಿ, ಕಾಗೋಡು ಸತ್ಯಾಗ್ರಹ ಮೊದಲಾಯಿತು. ಎಚ್. ಗಣಪತಿಯಪ್ಪನವರು ರೈತ ಸಂಘದ ಮೂಲಕ ಗೇಣಿದಾರರನ್ನು ಅದಾಗಲೇ ಸಂಘಟಿಸಿದ್ದರು. ದೊಡ್ಡ ಕೊಳಗಕ್ಕೆ ಒಪ್ಪದ ಒಕ್ಕಲುಗಳನ್ನು ಗದ್ದೆಯಿಂದ ಬಿಡಿಸುವ ಪ್ರಯತ್ನ ನಡೆದಾಗ, ಉತ್ತವರು ತಾವೇ ಉಳುತ್ತೇವೆಂದು ಗದ್ದೆಗೆ ಇಳಿದರು. ತಂಡ ತಂಡವಾಗಿ ಗದ್ದೆಗೆ ಹೋಗುವುದು, ದಸ್ತಗಿರಿಯಾಗುವುದು, ಮರುದಿನ ಮತ್ತೊಂದು ತಂಡ ಹೊರಡುವುದು, ಇದು ಕ್ರಮವಾಯಿತು. ಸಮಾಜವಾದಿ ಪಕ್ಷ ಚಳವಳಿಯ ಹೊಣೆ ಹೊತ್ತಿತು. ಶಾಂತವೇರಿ ಗೋಪಾಲಗೌಡರು ಅದರ ಮುಂಚೂಣಿಗೆ ಬಂದರು. ಜೂನ್‌ನಲ್ಲಿ ಡಾಕ್ಟರ್ ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದು ಸತ್ಯಾಗ್ರಹದಲ್ಲಿ ಭಾಗವಹಿಸಿದರು. ಸಾಗರದ ರೈಲು ನಿಲ್ದಾಣದಲ್ಲಿ ಅವರ ದಸ್ತಗಿರಿಯಾಯಿತು. ಹಳ್ಳಿಯೊಂದರ ಕೊಳಗದ ಜಗಳ ದೇಶದ ಸುದ್ದಿಯಾಯಿತು.

ಇಷ್ಟಾದರೂ ಸತ್ಯಾಗ್ರಹ ಆ ವರ್ಷ ಗದ್ದೆಯ ಒಡೆತನವನ್ನು ಗೆದ್ದುಕೊಡಲಿಲ್ಲ ಎಂಬುದನ್ನು ಮರೆಯಬಾರದು. ಅದು ಗೆದ್ದುಕೊಟ್ಟದ್ದು ಬೇರೊಂದನ್ನು. ಅಂದಿನವರೆಗೆ ತನ್ನ ಕಷ್ಟವನ್ನು ತನ್ನ ಹಣೆಬರಹವೆಂದು ತಿಳಿದಿದ್ದ ಮನುಷ್ಯ, ಅದು ನೂರಾರು ಮನೆಗಳ ಸಮಾನ ಕಷ್ಟವೆಂದು ಕಂಡುಕೊಂಡ. ಗದ್ದೆಯ ಬದುವಿನ ಮೇಲೆ ಒಟ್ಟಾಗಿ ನಿಂತವರು, ಕೆಲವೇ ತಿಂಗಳಲ್ಲಿ ಮತಗಟ್ಟೆಯ ಮುಂದೆ ಸಾಲಾಗಿ ನಿಂತರು.

ಆ ಮೊದಲ ಚುನಾವಣೆಯಲ್ಲಿ ಮತ ಹಾಕುವ ರೀತಿಯೇ ಬೇರೆ. ಇಂದಿನಂತೆ ಯಂತ್ರವಿಲ್ಲ, ಚೀಟಿಯ ಮೇಲೆ ಮುದ್ರೆಯೊತ್ತುವುದೂ ಇಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಮತದಾರ ಮರೆಯೊಳಗೆ ಹೋಗಿ, ಕೊಟ್ಟ ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಯಲ್ಲಿ ಹಾಕಿ ಬರಬೇಕು. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳದು ಮರ. ಒಂದು ಪೆಟ್ಟಿಗೆಯಲ್ಲಿ ಅಳೆದು ಸುರಿಯುವುದನ್ನೇ ಬಲ್ಲ ಕೈ ಇಲ್ಲಿ ಇನ್ನೊಂದು ಪೆಟ್ಟಿಗೆಯಲ್ಲಿ ಹಗುರಾದ ಒಂದು ಕಾಗದವನ್ನು ಹಾಕಿತು. ಆ ಮರೆಯೊಳಗೆ ಒಡೆಯನ ಕಣ್ಣು ತಲುಪುತ್ತಿರಲಿಲ್ಲ.

ಸಾಗರ–ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ಗೆದ್ದರು. ಅವರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಹುಟ್ಟಿದ್ದು 1923ರಲ್ಲಿ, ನೆರೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಕೈಯಲ್ಲಿ ಹಣವಿಲ್ಲ, ಹಿಂದೆ ಮನೆತನದ ದೊಡ್ಡಸ್ತಿಕೆಯಿಲ್ಲ. ಸತ್ಯಾಗ್ರಹ ಮಾಡಿದ ದೀವರ ಜಾತಿಗೂ ಅವರು ಸೇರಿದವರಲ್ಲ, ಆ ತಾಲ್ಲೂಕಿಗೂ ಸೇರಿದವರಲ್ಲ. ಚುನಾವಣೆ ಎಂದರೆ ಜಾತಿಯ ಗುಣಾಕಾರ ಭಾಗಾಕಾರ ಎಂದು ಈಗ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಮ್ಮ ಪ್ರಜಾಪ್ರಭುತ್ವದ ಮೊಟ್ಟಮೊದಲ ಚುನಾವಣೆಯಲ್ಲಿಯೇ, ಓದುಬರಹ ಕಡಮೆಯಿದ್ದ ಒಂದು ಕ್ಷೇತ್ರ ಆ ಲೆಕ್ಕವನ್ನು ಮೀರಿ ನಡೆಯಿತು ಎಂಬುದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಆದರೆ ಆ ಗೆಲುವಿನ ಗಾತ್ರವೆಷ್ಟು? ಅಂದಿನ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74, ಸಮಾಜವಾದಿಗಳಿಗೆ 3. ಮೂವರು ಸದಸ್ಯರು ಕಾನೂನು ಮಾಡಲಾರರು. ಕಾನೂನು ಬೇಕೆಂದು ಕೇಳಬಲ್ಲರು. ಗೋಪಾಲಗೌಡರು ಕೇಳಿದರು, ಕೆಣಕಿದರು. ಸಭೆಯ ಕಲಾಪಕ್ಕೆ ಹೊಲದ ಭಾಷೆಯನ್ನು ತಂದರು. ಆಡಳಿತ ಪಕ್ಷದಲ್ಲಿಯೂ ಈ ಕೂಗಿಗೆ ಕಿವಿಗೊಡುವವರು ಇಲ್ಲದಿರಲಿಲ್ಲ. ತೀರ್ಥಹಳ್ಳಿ ಸೀಮೆಯವರೇ ಆದ ಕಡಿದಾಳ್ ಮಂಜಪ್ಪನವರು ಕಂದಾಯ ಮಂತ್ರಿಗಳಾಗಿದ್ದರು. 1952ರಲ್ಲಿ ಮೈಸೂರು ಗೇಣಿ ಕಾಯಿದೆಯೂ 1954ರಲ್ಲಿ ಇನಾಂ ರದ್ದಿಯಾತಿಯ ಕಾಯಿದೆಯೂ ಬಂದವು. ಹೀಗೆ ಬೀದಿಯ ಕೂಗು ಒಂದು ಪಕ್ಷದಿಂದ, ಕಾಯಿದೆಯ ಅಕ್ಷರ ಇನ್ನೊಂದು ಪಕ್ಷದಿಂದ ಬರುವುದು ನಮ್ಮ ರಾಜಕೀಯದ ಒಂದು ಗುಣವೇ ಆಗಿದೆ. ಕೋಷ್ಟಕದಲ್ಲಿ ಸೋತ ಪಕ್ಷ ಕಾಯಿದೆಯ ಪುಸ್ತಕದಲ್ಲಿ ಗೆದ್ದಿರುವುದುಂಟು.

1957ರ ಚುನಾವಣೆಯಲ್ಲಿ ಗೋಪಾಲಗೌಡರಿಗೆ ಸೋಲಾಯಿತು. ಆ ಹೊತ್ತಿಗೆ ರಾಜ್ಯದ ಮೇರೆಗಳು ಬದಲಾಗಿದ್ದವು. ಸಮಾಜವಾದಿ ಪಕ್ಷ ಒಮ್ಮೆ ಕೂಡಿ, ಮತ್ತೊಮ್ಮೆ ಒಡೆದಿತ್ತು. ಮುಂದೆ 1962ರಲ್ಲಿಯೂ 1967ರಲ್ಲಿಯೂ ಅವರು ಗೆದ್ದದ್ದು ತೀರ್ಥಹಳ್ಳಿಯಿಂದ. ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ಯನ್ನು ಓದಿದವರಿಗೆ ಅದರ ನಾಯಕನಲ್ಲಿ ಗೋಪಾಲಗೌಡರ ನೆರಳು ಕಂಡಿರುವುದು ಸಹಜ. ಸಾಗರವಂತೂ ಬೇರೆ ಹಾದಿ ಹಿಡಿಯಿತು. ಉಳುವವನಿಗೆ ಹೊಲ ಎಂಬ ಪ್ರಶ್ನೆ ಮಾತ್ರ ಕಾಯುತ್ತಲೇ ಇತ್ತು. 1961ರ ಭೂಸುಧಾರಣಾ ಕಾಯಿದೆ ಜಾರಿಗೆ ಬಂದದ್ದು 1965ರ ಅಕ್ಟೋಬರಿನಲ್ಲಿ. ಸ್ವಂತ ಸಾಗುವಳಿಗೆಂದು ಒಡೆಯನು ಜಮೀನನ್ನು ಹಿಂದಕ್ಕೆ ಪಡೆಯಲು ಅದರಲ್ಲಿ ದಾರಿ ಉಳಿದಿತ್ತು; ಆ ದಾರಿಯಲ್ಲಿ ಗೇಣಿದಾರನೇ ಹೊರಕ್ಕೆ ನಡೆಯಬೇಕಾದ ಪ್ರಸಂಗಗಳು ಹಲವು.

ಈ ನಡುವೆ ಕ್ಷೇತ್ರದ ಒಂದು ಭಾಗವೇ ಭೂಪಟದಿಂದ ಅಳಿಸಿಹೋಯಿತು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ನೀರಿನಡಿ ಸೇರಿದವು. ಆ ಹಳ್ಳಿಗಳ ಮತದಾರರು ಜಿಲ್ಲೆಯ ಬೇರೆ ಬೇರೆ ಕಾಡಂಚುಗಳಿಗೆ ಚೆದರಿದರು. ನಾ. ಡಿಸೋಜರ ‘ಮುಳುಗಡೆ’ ಈ ನೋವನ್ನು ಕನ್ನಡದ ಓದುಗರಿಗೆ ಮುಟ್ಟಿಸಿತು. ಚುನಾವಣಾ ಚರಿತ್ರೆಯ ದೃಷ್ಟಿಯಿಂದ ನಾವು ಗಮನಿಸಬೇಕಾದ ಮಾತೊಂದಿದೆ. ಜಮೀನು ಮುಳುಗಿದಾಗ ಪರಿಹಾರ ಹೋಗುವುದು ದಾಖಲೆಯಲ್ಲಿ ಹೆಸರಿದ್ದವನಿಗೆ. ಗೇಣಿದಾರನ ಹೆಸರು ದಾಖಲೆಗೆ ಏರುವ ಕಾಲ ಇನ್ನೂ ಹತ್ತು ವರ್ಷ ಮುಂದಿತ್ತು. ಹತ್ತು ವರ್ಷದ ಮೇಲೆ ಕಾಯಿದೆ ಬಂದಾಗ ಅವನು ಕೇಳಬೇಕಾದ ಗದ್ದೆ ನೀರಿನ ಕೆಳಗಿತ್ತು. ತಡವಾಗಿ ಬಂದ ನ್ಯಾಯ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಆಡುತ್ತೇವೆ. ಅದರ ಆಳ ಎಷ್ಟೆಂದು ತಿಳಿಯಬೇಕಾದರೆ ಶರಾವತಿಯ ಹಿನ್ನೀರನ್ನು ನೋಡಬೇಕು.

1972ರ ಚುನಾವಣೆಗೆ ಬರೋಣ. ಇಂದಿರಾ ಗಾಂಧಿಯವರ ಪ್ರಭಾವ ಉಕ್ಕಿ ಹರಿದ ಕಾಲವದು. 216 ಸ್ಥಾನಗಳಲ್ಲಿ 165 ಕಾಂಗ್ರೆಸ್ಸಿಗೆ ಬಂದವು. ಆ ಮಹಾಪೂರದ ನಡುವೆ ಸಮಾಜವಾದಿಗಳು ಗೆದ್ದದ್ದು ಮತ್ತೆ ಮೂರೇ ಸ್ಥಾನ: ಸೊರಬದಿಂದ ಎಸ್. ಬಂಗಾರಪ್ಪ, ತೀರ್ಥಹಳ್ಳಿಯಿಂದ ಕೋಣಂದೂರು ಲಿಂಗಪ್ಪ, ಸಾಗರದಿಂದ ಕಾಗೋಡು ತಿಮ್ಮಪ್ಪ. ಮೂರೂ ಶಿವಮೊಗ್ಗದ ಮಲೆನಾಡಿನ ಕ್ಷೇತ್ರಗಳೇ. ಸತ್ಯಾಗ್ರಹ ನಡೆದು ಇಪ್ಪತ್ತೊಂದು ವರ್ಷ ಸಂದಿತ್ತು. ಯಾವ ಹಳ್ಳಿಯ ಗೇಣಿದಾರನಿಗೆ ಹಿಂದೆ ಮತವೇ ಇರಲಿಲ್ಲವೋ, ಆ ಹಳ್ಳಿಯ ಹೆಸರನ್ನೇ ತನ್ನ ಹೆಸರಿಗೆ ಹೊತ್ತ ದೀವರ ಸಮುದಾಯದ ವಕೀಲನೊಬ್ಬ ವಿಧಾನಸಭೆಗೆ ಹೋದ. ಆ ಜೂನ್ 9ರಂದು ಗೋಪಾಲಗೌಡರು ತೀರಿಕೊಂಡರು. ಅವರು ಹಂಬಲಿಸಿದ ಕಾಯಿದೆಯನ್ನು ಅವರು ಕಾಣಲಿಲ್ಲ.

ಕಾಯಿದೆ ಬಂತು. ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಅಂದಿನಿಂದ ಗೇಣಿಯ ಜಮೀನೆಲ್ಲ ಸರ್ಕಾರದಲ್ಲಿ ನಿಹಿತವಾಯಿತು. ಉಳುತ್ತಿದ್ದವನು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು, ಭೂನ್ಯಾಯಮಂಡಳಿಯ ಮುಂದೆ ತನ್ನ ಸಾಗುವಳಿಯನ್ನು ತೋರಿಸಿ, ಒಡೆತನದ ಹಕ್ಕನ್ನು ಪಡೆಯಬಹುದಾಯಿತು. ರಾಜ್ಯದಲ್ಲಿ ಬಂದ ಅರ್ಜಿಗಳು ಸುಮಾರು ಎಂಟು ಲಕ್ಷ. ಅರ್ಜಿ ಕೊಡುವ ಅವಧಿ 1979ರ ಜೂನ್ ಕೊನೆಯವರೆಗೆ ಮುಂದುವರಿಯಿತು. ಕಾಗೋಡಿನಲ್ಲಿ ಕೊಳಗದ ಗಾತ್ರವನ್ನು ಕುರಿತು ಆರಂಭವಾದ ವಿವಾದ, ಕೊಳಗವೇ ಬೇಡವೆಂಬ ತೀರ್ಪಿನಲ್ಲಿ ಮುಗಿಯಿತು.

ಈ ಕಾಯಿದೆಯನ್ನು ಹೊಗಳುವಾಗ ಅದರ ಇನ್ನೊಂದು ಮುಖವನ್ನು ಮರೆಮಾಡುವುದು ಪ್ರಾಮಾಣಿಕತೆಯಲ್ಲ. ಗೇಣಿಗೆ ಕೊಟ್ಟವರೆಲ್ಲ ದೊಡ್ಡ ಒಡೆಯರಲ್ಲ. ಒಂದೆರಡು ಎಕರೆಯ ಗೇಣಿಯನ್ನೇ ನಂಬಿ ಬದುಕಿದ್ದ ವಿಧವೆಯರಿದ್ದರು, ಬಡ ಕುಟುಂಬಗಳಿದ್ದವು. ಕಾಯಿದೆಯ ಅಳತೆಗೋಲು ಇವರನ್ನೂ ದೊಡ್ಡವರ ಸಾಲಿನಲ್ಲೇ ನಿಲ್ಲಿಸಿತು. ಇನ್ನೊಂದು ಕಡೆ, ಗೇಣಿಯ ಗದ್ದೆಯಲ್ಲಿ ಕೂಲಿಗೆ ದುಡಿದವನಿಗೆ ಏನೂ ಬರಲಿಲ್ಲ; ಅವನು ಉಳುವವನಾಗಿದ್ದರೂ ಗೇಣಿದಾರನಾಗಿರಲಿಲ್ಲ. ಹೊಲ ಪಡೆದವನ ಹೊಲದಲ್ಲಿ ಅವನು ಕೂಲಿಯಾಗಿಯೇ ಉಳಿದ. ಒಂದು ಅನ್ಯಾಯದ ಅಳತೆಯನ್ನು ಸರಿಪಡಿಸುವಾಗ ಹೊಸ ಅಳತೆಯ ಹೊರಗೆ ಉಳಿಯುವವರು ಯಾರೆಂದು ಕೇಳುವ ಹೊಣೆ ಎಂದಿಗೂ ಮುಗಿಯುವುದಿಲ್ಲ.

ಇನ್ನು ಆ ಕೋಷ್ಟಕದ ಕಡೆಗೆ ತಿರುಗೋಣ. ಈಗ ಅದನ್ನು ಓದುವ ಕಣ್ಣು ನಮಗೆ ದೊರೆತಿದೆ. 1972ರಲ್ಲಿ ಗೆದ್ದ ತಿಮ್ಮಪ್ಪನವರು ಮುಂದೆ ಕಾಂಗ್ರೆಸ್ಸಿಗೆ ಬಂದರು. ಸಾಗರದಿಂದ ಅವರು ಮತ್ತೆ ಗೆದ್ದದ್ದು 1989ರಲ್ಲಿ, ಹದಿನೇಳು ವರ್ಷಗಳ ನಂತರ. ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದದ್ದು ಆ ವರ್ಷವೇ. ಹೊಸದಾಗಿ ಮತ ಪಡೆದ ಆ ಹುಡುಗ ಹುಡುಗಿಯರಿಗೆ ಗೇಣಿಯ ಕೊಳಗ ಅಜ್ಜನ ಕಾಲದ ಕತೆ. 1994ರಲ್ಲಿಯೂ 1999ರಲ್ಲಿಯೂ ಅವರೇ ಗೆದ್ದರು. 2004ರಲ್ಲಿ ಭಾರತೀಯ ಜನತಾ ಪಕ್ಷದ ಗೋಪಾಲಕೃಷ್ಣ ಬೇಳೂರು ಅವರಿಂದ ಸೋತರು. ಬೇಳೂರು 2008ರಲ್ಲಿಯೂ ಗೆದ್ದರು. 2013ರಲ್ಲಿ ತಿಮ್ಮಪ್ಪನವರು ಮರಳಿ ಬಂದು, ಮೊದಲು ವಿಧಾನಸಭೆಯ ಅಧ್ಯಕ್ಷರೂ 2016ರಿಂದ ಕಂದಾಯ ಮಂತ್ರಿಗಳೂ ಆದರು. 2018ರಲ್ಲಿ ಭಾರತೀಯ ಜನತಾ ಪಕ್ಷದ ಹರತಾಳು ಹಾಲಪ್ಪ ಗೆದ್ದರು. 2023ರಲ್ಲಿ ಮತ್ತೆ ಬೇಳೂರು. ಆದರೆ ಈ ಬಾರಿ ಅವರು ಕಾಂಗ್ರೆಸ್ಸಿನ ಅಭ್ಯರ್ಥಿ.

ಈ ಏರಿಳಿತವನ್ನು ಕಂಡು ನಿಟ್ಟುಸಿರಿಡುವ ಹಿರಿಯರಿದ್ದಾರೆ. ಗೋಪಾಲಗೌಡರನ್ನು ಆರಿಸಿದ ಕ್ಷೇತ್ರ ಇದೇ ಏನು, ಹೊಲ ಕೊಡಿಸಿದ ಚಳವಳಿಯನ್ನು ಜನ ಇಷ್ಟು ಬೇಗ ಮರೆಯಬಹುದೆ, ಹೊಟ್ಟೆ ತುಂಬಿದ ಮೇಲೆ ಉಪಕಾರದ ನೆನಪು ಇಲ್ಲವಾಯಿತೆ ಎಂದು ಅವರು ಕೇಳುತ್ತಾರೆ. ಅವರ ದುಃಖ ನಿಜವಾದದ್ದು. ಆದರೆ ಅವರ ಪ್ರಶ್ನೆ ಸರಿಯಾದುದಲ್ಲವೆಂದು ನನಗೆ ತೋರುತ್ತದೆ.

ಗೇಣಿದಾರನ ಬದುಕಿನ ಮೂಲ ಸಂಕಟ ಯಾವುದಾಗಿತ್ತು? ಅದು ಋಣ. ಗದ್ದೆ ಕೊಟ್ಟ ಒಡೆಯನ ಋಣ, ಮದುವೆಗೆ ಸಾಲ ಕೊಟ್ಟ ಒಡೆಯನ ಋಣ, ಬರಗಾಲದಲ್ಲಿ ಎರಡು ಕೊಳಗ ಭತ್ತ ಕೊಟ್ಟ ಒಡೆಯನ ಋಣ. ಆ ಋಣವನ್ನು ತೀರಿಸುವ ಹೆಸರಿನಲ್ಲಿ ಅವನ ದುಡಿಮೆ, ಅವನ ಮಾತು, ಅವನ ತಲೆ, ಎಲ್ಲವೂ ಒಡೆಯನ ಅಂಗಳದಲ್ಲಿ ಅಡವಾಗಿದ್ದವು. ಕಾಗೋಡಿನ ಸತ್ಯಾಗ್ರಹ ಬಿಡಿಸಹೊರಟದ್ದು ಈ ಅಡವನ್ನು. ಹಾಗಿರುವಾಗ ಅವನ ಮತವನ್ನು ಬಿಡಿಸಿದವನ ಋಣಕ್ಕೆ ಅಡವಿಟ್ಟರೆ, ಅದು ಗೇಣಿಯ ಇನ್ನೊಂದು ರೂಪವಾದೀತಲ್ಲದೆ ಬೇರೇನೂ ಆಗಲಾರದು. ಐದು ವರ್ಷಕ್ಕೊಮ್ಮೆ ಕೃತಜ್ಞತೆಯ ಕೊಳಗದಲ್ಲಿ ಮತವನ್ನು ಅಳೆದುಕೊಡುವ ಒಕ್ಕಲನ್ನು ಗೋಪಾಲಗೌಡರಂಥವರು ಬಯಸಿರಲಾರರು. ತಮಗೆ ಭೂಮಿ ದೊರಕಿಸಿದ ಪರಂಪರೆಯ ಅಭ್ಯರ್ಥಿಯನ್ನೇ ನಿರ್ಭಯವಾಗಿ ಸೋಲಿಸಬಲ್ಲ ಮತದಾರ, ಆ ಚಳವಳಿ ಸೋತದ್ದಕ್ಕೆ ಗುರುತಲ್ಲ; ಅದು ಗೆದ್ದದ್ದಕ್ಕೆ ಗುರುತು.

ಋಣದಿಂದ ಬಿಡುಗಡೆಯಾಗುವುದು ಒಂದು, ನೆನಪಿನಿಂದ ಬಿಡುಗಡೆಯಾಗುವುದು ಇನ್ನೊಂದು. ನಾಯಕನನ್ನು ಮರೆಯುವ ಸ್ವಾತಂತ್ರ್ಯ ಮತದಾರನಿಗುಂಟು. ಪ್ರಶ್ನೆಯನ್ನು ಮರೆತರೆ ನಷ್ಟ ಅವನದೇ. ಶರಾವತಿಯಲ್ಲಿ ನೆಲೆ ಕಳೆದುಕೊಂಡವರಲ್ಲಿ ಅನೇಕರ ಮಕ್ಕಳು ಮೊಮ್ಮಕ್ಕಳು, ಅರವತ್ತು ವರ್ಷಗಳ ಮೇಲೆಯೂ, ತಾವು ನೆಲೆಸಿದ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ತಿಮ್ಮಪ್ಪನವರು ಕಂದಾಯ ಮಂತ್ರಿಗಳಾಗಿದ್ದಾಗ, ವಾಸಿಸುವವನೇ ಮನೆಯೊಡೆಯ ಎಂಬ ಹಳೆಯ ಕೂಗಿನ ಹೊಸ ರೂಪ ಕಾಯಿದೆಯ ಪುಸ್ತಕವನ್ನು ಸೇರಿತು. ಖಾಸಗಿ ಜಮೀನುಗಳಲ್ಲಿ ಗುಡಿಸಲು ಕಟ್ಟಿಕೊಂಡು ಬಾಳುವವರಿಗೆ ಮನೆಯಡಿಯ ನೆಲವನ್ನು ಕೊಡುವ ಉದ್ದೇಶ ಅದರದು. 2020ರಲ್ಲಿ ಅದೇ ಭೂಸುಧಾರಣಾ ಕಾಯಿದೆಗೆ ಇನ್ನೊಂದು ತಿದ್ದುಪಡಿಯಾಯಿತು. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳಬಾರದೆಂಬ ನಿರ್ಬಂಧ ಅದರಿಂದ ತೆಗೆದುಹೋಯಿತು. ಹೊಲದ ಒಡೆಯ ಯಾರು ಎಂಬ ಪ್ರಶ್ನೆ 1974ರಲ್ಲಿ ತೀರ್ಮಾನವಾಗಿ ಮುಗಿಯಿತೆಂದು ತಿಳಿದಿದ್ದವರಿಗೆ, ಅದು ಇನ್ನೂ ತೆರೆದೇ ಇದೆಯೆಂದು ಆ ತಿದ್ದುಪಡಿ ತೋರಿಸಿಕೊಟ್ಟಿತು.

ಕ್ಷೇತ್ರದ ಮೇರೆಗಳೂ ಸ್ಥಿರವಲ್ಲ. ಬಹುಕಾಲ ಬೇರೆಯೇ ಕ್ಷೇತ್ರವಾಗಿದ್ದ ಹೊಸನಗರ 2008ರ ಪುನರ್ವಿಂಗಡಣೆಯಲ್ಲಿ ಇಲ್ಲವಾಯಿತು; ಆ ತಾಲ್ಲೂಕಿನ ಒಂದು ಭಾಗ ತೀರ್ಥಹಳ್ಳಿಗೂ ಇನ್ನೊಂದು ಸಾಗರಕ್ಕೂ ಹಂಚಿಹೋಯಿತು. 1952ರಲ್ಲಿ ಜೊತೆಯಾಗಿ ಮತ ಹಾಕಿದ ಹಲವು ಹಳ್ಳಿಗಳು ಅರ್ಧ ಶತಮಾನದ ಮೇಲೆ ಮತ್ತೆ ಜೊತೆಗೂಡಿದವು. ಗೆರೆಗಳನ್ನು ಎಳೆಯುವವರು ಎಳೆಯುತ್ತಿರುತ್ತಾರೆ, ಪಕ್ಷಗಳು ಹುಟ್ಟಿ ಅಳಿಯುತ್ತಿರುತ್ತವೆ, ಚಿಹ್ನೆಗಳು ಬದಲಾಗುತ್ತವೆ. ಪೆಟ್ಟಿಗೆಯ ಸ್ಥಳಕ್ಕೆ ಯಂತ್ರ ಬಂದಿದೆ. ಬದಲಾಗದೆ ಉಳಿದದ್ದು ಒಂದೇ: ದೊಡ್ಡವನಿಗೂ ಚಿಕ್ಕವನಿಗೂ ಒಂದೇ ಅಳತೆ ಎಂಬ ನಿಯಮ. ಅದನ್ನು ಹಿಗ್ಗಿಸುವ ಉಪಾಯಗಳು ಕಾಲಕಾಲಕ್ಕೆ ಹುಟ್ಟುತ್ತವೆ. ಹಣದಿಂದ, ಹೆದರಿಕೆಯಿಂದ, ಕೆಲವೊಮ್ಮೆ ಉಪಕಾರದ ನೆನಪಿನಿಂದ. ಕೊಳಗದ ತಳವನ್ನು ಮುಟ್ಟಿ ನೋಡುವ ಎಚ್ಚರವನ್ನು ಕಾಗೋಡಿನ ಒಕ್ಕಲುಗಳು ನಮಗೆ ಬಿಟ್ಟುಹೋಗಿದ್ದಾರೆ. ಆ ಎಚ್ಚರವಿರುವ ತನಕ ಯಾರು ಗೆದ್ದರು, ಯಾರು ಸೋತರು ಎಂಬ ಕೋಷ್ಟಕ ತನ್ನಷ್ಟಕ್ಕೆ ಬೆಳೆಯುತ್ತಿರಲಿ, ಅದರಿಂದ ಭಯವಿಲ್ಲ.